ಅಪ್ಪ ಪೆಟ್ಟಿಗೆಗೆ ತುಂಬಿದ ಉಣ್ಣೆ

ಶಿಪ್ಲಿ, ಯಾರ್ಕ್‌ಶೈರ್
೧೪ ಅಕ್ಟೋಬರ್ ೧೯೭೩, ಭಾನುವಾರ

ಪ್ರೀತಿಯ ಕ್ಲೈವ್,

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಕಾವೆಂಟ್ರಿಯಲ್ಲಿ ಸರಿಯಾಗಿ ಉಣ್ಣುತ್ತೀಯೋ ಇಲ್ಲ ಬರೀ ಬ್ರೆಡ್ಡು ತಿಂದುಕೊಂಡು ಬಿದ್ದಿರುತ್ತೀಯೋ, ದೇವರಿಗೇ ಗೊತ್ತು. ಶುಂಠಿ ಕೇಕು ಮಾಡಿ ಡಬ್ಬಿಯಲ್ಲಿಟ್ಟಿದ್ದೇನೆ, ಮೆತ್ತಗಾದ ಮೇಲೆ ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ, ಕಿವಿ ಮಾತ್ರ ಇನ್ನೂ ಮಂದವಾಗಿದೆ. ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತವಳ ಕಿವಿ ಇನ್ನೇನಾದೀತು? ಈಗ ಎಲ್ಲರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುವುದು. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ. ನೀನು ಅವರನ್ನು ವಿಚಾರಿಸಿ ಹದಿನೆಂಟು ತಿಂಗಳಾಯಿತು, ಅವರೂ ನಿನ್ನ ಹೆಸರೆತ್ತುವುದಿಲ್ಲ. ಎರಡು ಸ್ಪೀಕರ್ ಪೆಟ್ಟಿಗೆಗಳಿಗಾಗಿ ಅಪ್ಪ ಮಗ ಮಾತು ಬಿಟ್ಟ ಮನೆ ಈ ಬೀದಿಯಲ್ಲಿ ನಮ್ಮದೊಂದೇ. ಈ ಕ್ರಿಸ್‌ಮಸ್ಸಿಗಾದರೂ ನೀವಿಬ್ಬರೂ ಒಂದೇ ಮೇಜಿಗೆ ಕೂರಬೇಕು ಎಂದೇ ಈ ಕಾಗದ ಬರೆಯುತ್ತಿದ್ದೇನೆ.

ನೀವಿಬ್ಬರೂ ಕೂಡಿ ಆ ಪೆಟ್ಟಿಗೆಗಳನ್ನು ಮಾಡಿದ ಚಳಿಗಾಲ ಎಷ್ಟು ಚೆನ್ನಾಗಿತ್ತು! ಅಡುಗೆಮನೆಯ ತುಂಬ ಅಂಟಿನ ವಾಸನೆ, ಚಹಾದ ಬಟ್ಟಲಿನಲ್ಲೂ ಮರದ ಪುಡಿ. ಪಕ್ಕದ ಮನೆಯ ಆಗ್ನೆಸ್ ಬಂದು, ಒಂದು ನನಗೆ, ಒಂದು ನಿಮ್ಮಪ್ಪನಿಗೆ ಶವಪೆಟ್ಟಿಗೆಯೇ ಎಂದು ಕೇಳಿದ್ದಳು. ನೀನು ನನ್ನೆದುರು ಕೂತು, ತುಟಿ ಅಗಲಿಸಿ ಬಿಡಿಸಿ ಹೇಳಿದ್ದೆ. ಸ್ಪೀಕರು ಮುಂದಕ್ಕೆ ಎಷ್ಟು ದನಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದಂತೆ. ಸಾಧಾರಣ ಪೆಟ್ಟಿಗೆಯಲ್ಲಿ ಆ ಹಿಂದಿನ ದನಿ ಒಳಗೇ ಸಿಕ್ಕಿಕೊಂಡು ಗುಂಯ್‌ಗುಡುತ್ತದೆ. ಇದರಲ್ಲಿ ಅದಕ್ಕೆ ಎಂಟು ಅಡಿ ಉದ್ದದ ಓಣಿಯನ್ನು ಮಡಿಸಿ ಮಡಿಸಿ ಒಳಗಿಟ್ಟು, ಬಿಡಿಬಿಡಿಯಾದ ಉಣ್ಣೆ ಹರಡುತ್ತಾರೆ. ಮೇಲು ಸ್ಥಾಯಿಯ ದನಿಯನ್ನೆಲ್ಲ ಉಣ್ಣೆ ನುಂಗಿಬಿಡುತ್ತದೆ. ತೀರ ತಗ್ಗಿನ ದನಿಯೊಂದೇ ಉಳಿದು, ಸುತ್ತುದಾರಿಯಲ್ಲಿ ತಡವಾಗಿ ಕೆಳಗಿನ ಬಾಯಿಂದ ಹೊರಬರುವ ಹೊತ್ತಿಗೆ ಮುಂದಿನ ದನಿಯ ಜೊತೆ ಸರಿಯಾಗಿ ಕೂಡಿಕೊಳ್ಳುತ್ತದೆ. ನನಗೆ ಆಗಲೇ ಅರ್ಥವಾಗಿತ್ತು ಕಣೋ.

ಅರ್ಥವಾಗದಿದ್ದದ್ದು ನಿಮ್ಮಪ್ಪನಿಗೆ. ಗಿರಣಿಯಲ್ಲಿ ನಲವತ್ತು ವರ್ಷ ಉಣ್ಣೆ ವಿಂಗಡಿಸಿದವರು. ಎಳೆ ಉದ್ದದ ಒಳ್ಳೇ ಉಣ್ಣೆ ತಂದರು, ತಂದು ಮೂಟೆ ಕಟ್ಟುವ ಹಾಗೆ ಮಂಡಿ ಊರಿ ಅದುಮಿ ಅದುಮಿ ತುಂಬಿದರು. ಸಡಿಲ ಮೂಟೆ ಅವರ ಪಾಲಿಗೆ ಮಾನಗೇಡು. ಚರ್ಚಿನ ಆರ್ಗನ್ ರೆಕಾರ್ಡು ಹಾಕಿದರೆ ಕಂಬಳಿ ಹೊದ್ದುಕೊಂಡು ಗೊಣಗಿದಂತಿತ್ತಂತೆ. ನೆಲದ ನಡುಕದಲ್ಲೇ ದನಿ ತಿಳಿಯುವ ನನ್ನ ಕಾಲಿಗಂತೂ ಏನೂ ತಾಗಲಿಲ್ಲ.

“ಉಸಿರುಗಟ್ಟಿದೆ ಅಪ್ಪಾ. ಅರ್ಧ ತೆಗೆದ್ಬಿಡಿ,” ಎಂದೆ ನೀನು.

“ಉಣ್ಣೆ ವಿಷಯ ನೀನು ನನಗೆ ಹೇಳಿಕೊಡ್ತೀಯೇನೋ? ಬೇಡದಿದ್ರೆ ಬೇರೆ ಕಡೆ ಹೋಗಿ ನಿನ್ನ ರೆಕಾರ್ಡು ಕೇಳ್ಕೋ.”

ಮುಂದೆ ಒಬ್ಬರಿಗೊಬ್ಬರು ಏನೇನು ಅಂದಿರೋ ನಾನು ನೋಡಲಿಲ್ಲ. ಒಲೆಯ ಕಡೆ ತಿರುಗಿ ನಿಂತುಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ನೀನಿರಲಿಲ್ಲ. ಅಂದು ನಾನು ನಡುವೆ ಬರಬೇಕಿತ್ತು.

ಈಗ ಮೊನ್ನೆ ಮಂಗಳವಾರದ ಸುದ್ದಿ ಕೇಳು. ಪೇಟೆಯಿಂದ ಬಂದರೆ ನಿಮ್ಮಪ್ಪ ನೆಲದ ಮೇಲೆ ಕೂತು, ಪೆಟ್ಟಿಗೆಗಳ ಬೆನ್ನು ಬಿಚ್ಚಿ ಉಣ್ಣೆ ಎಳೆಯುತ್ತಿದ್ದಾರೆ! ನನ್ನ ಬಟ್ಟೆಬುಟ್ಟಿ ತುಂಬಿ ಹೊರಚೆಲ್ಲಿತ್ತು. ಉಳಿದದ್ದನ್ನು ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿ ಹಗುರಾಗಿ ಹರಡಿದರು. ಏನ್ರೀ ಇದು ಎಂದರೆ, ನುಸಿ ಹಿಡಿದಿದೆಯೋ ಎಂದು ನೋಡಿದರಂತೆ. ಅದೇ ರೆಕಾರ್ಡು ಹಾಕಿದರು. ಕ್ಲೈವ್, ಆರ್ಗನ್ನಿನ ತಗ್ಗಿನ ಸ್ವರ ಹಲಗೆಯ ನೆಲದಿಂದ ನನ್ನ ಅಂಗಾಲಿಗೆ ಹತ್ತಿತು, ಚರ್ಚಿನ ಬೆಂಚಿನಲ್ಲಿ ಕೂತಾಗ ಹತ್ತುವ ಹಾಗೆಯೇ. ಧಡಧಡ ಅನ್ನುವುದಿಲ್ಲ, ಬಾರಿಸುವವನು ಆರ್ಗನ್ನಿನ ಪೆಡಲಿನಿಂದ ಕಾಲೆತ್ತಿದರೆ ಅದೂ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೇ ಜನ ಇಷ್ಟು ದೊಡ್ಡ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಂಡು ಸಹಿಸುತ್ತಾರೆ. ಚೀಲ ಕೈಯಲ್ಲಿ ಹಿಡಿದೇ ಕೂತು ಅತ್ತುಬಿಟ್ಟೆ.

ಬೆಚ್ಚಗಿರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಮ್ಮ

ಮ.ವಿ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಇರಲಾರೆ. ರೆಕಾರ್ಡು ಮುಗಿದಾಗ ನಿಮ್ಮಪ್ಪ ನನಗೆ ಬೆನ್ನು ಹಾಕಿ ನಿಂತರು, ನನಗೆ ತಿಳಿಯುವುದಿಲ್ಲ ಎಂದುಕೊಂಡು. ಒಲೆಯ ಮೇಲಿನ ಗೋಡೆಗನ್ನಡಿಯಲ್ಲಿ ಅವರ ತುಟಿ ಕಾಣುತ್ತಿತ್ತು. “ಹುಡುಗ ಹೇಳಿದ್ದೇ ಸರಿ ಇತ್ತು. ಈಗ ಯಾವ ಮುಖ ಇಟ್ಕೊಂಡು ಅವನನ್ನ ಕರೀಲಿ?” ಎಂದರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಅವರು ಕರೆಯಲಾರರು ಮಗಾ, ನೀನೇ ಬಂದುಬಿಡು.