ಬಿಸಿನೀರಿನ ಕೆರೆಯ ವಿಡಿಯೋ

ರಕ್ಷಿತ್ ಬಾವನಿಗೆ,

ಅಕ್ಷರ ಚಂದ ಇಲ್ಲ, ತಪ್ಪುಗಳೂ ಇರಬಹುದು, ಕ್ಷಮಿಸಿ. ನಾನು ಕಲಿತದ್ದು ಐದನೇ ಕ್ಲಾಸು. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ದಿನ ಮಳೆಯಲ್ಲಿ ಅಮ್ಮನ ಜೊತೆ ನಿಮ್ಮನ್ನೂ ಬಿಸಿನೀರಿನ ಕೆರೆಗೆ ಕರೆದುಕೊಂಡು ಹೋದವಳು ನಾನೇ. ಹೆಂಗಸರು ಮೀಯುವಾಗ ಮೆಟ್ಟಿಲಲ್ಲಿರುವ ಗಂಡಸರು ಬೆನ್ನು ಹಾಕಿ ನಿಲ್ಲುವುದು ಇಲ್ಲಿಯ ಕ್ರಮ ಎಂದು ಮೊದಲೇ ಹೇಳಿದ್ದೆ. ನೀವು ಮಂಗಟ್ಟೆ ಹಕ್ಕಿಯ ವಿಡಿಯೋ ಮಾಡುವ ನೆವದಲ್ಲಿ ಕೆರೆಯ ಕಡೆಗೆ ತಿರುಗಿದಿರಿ. ತಡೆದರೆ, "ಹೊಗೆ ಮಾತ್ರ ಬರುದು ಮಾರಾಯ್ತಿ, ಯಾರ ಮುಖವೂ ಕಾಣುದಿಲ್ಲ" ಎಂದಿರಿ.

ನೀವು ಎಲ್ಲರ ಮೊಬೈಲಿಗೂ ಬರುವಂತೆ ಹಾಕಿದ ಆ ವಿಡಿಯೋದಲ್ಲಿ ಅಮ್ಮನ ಮುಖ ಕಾಣುವುದಿಲ್ಲ, ನಿಜ. ಬೆನ್ನು ಕಾಣುತ್ತದೆ, ಅದರ ಮೇಲಿನ ಕಲೆಗಳೂ ಕಾಣುತ್ತವೆ. ಕೆಳಗೆ ನೀವು "ಜ್ವಾಲಾಮುಖಿಯ ನೀರು, ಚರ್ಮರೋಗಕ್ಕೆ ಮದ್ದು" ಎಂದು ಬರೆದಿದ್ದೀರಿ. ಇಲ್ಲಿ ಯಾವ ಜ್ವಾಲಾಮುಖಿಯೂ ಇಲ್ಲ. ಮೊನ್ನೆ ಕಬಕದ ಬಸ್ಸಿನಲ್ಲಿ ಒಬ್ಬಳು ಅಮ್ಮನನ್ನು ಎಲ್ಲರೆದುರು, "ಕುಮುದಿನಿಯಕ್ಕ, ಅಳಿಯನ ವಿಡಿಯೋದಲ್ಲಿ ನಿಮ್ಮ ಬೆನ್ನು ಕಂಡಿತು. ಈಗ ಗುಣ ಉಂಟಾ?" ಎಂದು ಕೇಳಿದಳು.

ಈ ಪತ್ರ ಸಿಕ್ಕಿದ ದಿನವೇ ಆ ವಿಡಿಯೋವನ್ನು ಅಳಿಸಿ. ಅಳಿಸಿದೆ ಎಂದು ಅಮ್ಮನಿಗೆ ನೀವೇ ಫೋನ್ ಮಾಡಿ. ಅಕ್ಕನಿಂದ ಹೇಳಿಸಬೇಡಿ.

ಆ ನೀರಿನಲ್ಲಿ ಮಿಂದರೆ ಅಮ್ಮನ ತುರಿಕೆ ಇಳಿಯುತ್ತಿತ್ತು. ಈಗ ಅವರು ಅಲ್ಲಿಗೆ ಹೋಗಲು ಒಪ್ಪುವುದಿಲ್ಲ. ಇವತ್ತು ಬೆಳಿಗ್ಗೆ ನಾನು ಬಚ್ಚಲ ಹಂಡೆಗೆ ಬೆಂಕಿ ಹಾಕಿ, ಬಾಗಿಲು ಮುಚ್ಚಿ, ಅವರನ್ನು ಮೀಯಿಸಿದೆ.

ನಿಮ್ಮ ನಾದಿನಿ,
ಹರಿಣಾಕ್ಷಿ