ಹುಳುವಿಗೆ ರಜೆಯಿಲ್ಲ

ತೋಟದ ಮನೆ,
ಆಗಸ್ಟ್ ೧೧

ಪ್ರೀತಿಯ ಗುಂಡಾ,

ಬೆನ್ನುನೋವು ಹೇಗಿದೆ? ದಿನವಿಡೀ ಮುದ್ರಣ ಯಂತ್ರದ ಮುಂದೆ ನಿಂತೇ ಇರಬೇಡ, ನಡುನಡುವೆ ಕುಳಿತುಕೋ. ನಿನ್ನವಳ ಕೆಮ್ಮು ನಿಂತಿತೇ? ಮಗಳು ಬರೆದ ಕಾಗದ ತಲುಪಿತು. ಅಕ್ಷರಕ್ಕಿಂತ ಮಸಿಯೇ ಹೆಚ್ಚು, ಆದರೂ ಗೋಡೆಗೆ ಅಂಟಿಸಿದ್ದೇನೆ.

ಇಲ್ಲಿ ಈಗ ಕಾಂಡಕೊರಕದ ಕಾಟ. ಅಪ್ಪ ನೆಟ್ಟ ಮೂಲೆಯ ಮಾವಿನ ಬುಡದಲ್ಲಿ ಮರದ ಪುಡಿ ಉದುರಿತ್ತು. ತೂತು ಹುಡುಕಿ, ತಂತಿ ತೂರಿಸಿ, ನನ್ನ ಕಿರುಬೆರಳಿಗಿಂತ ದಪ್ಪನೆಯ ಹುಳುವನ್ನು ಹೊರಗೆಳೆದೆ. ಔಷಧಿಯಲ್ಲಿ ಅದ್ದಿದ ಹತ್ತಿ ತುರುಕಿ, ಮೇಲೆ ಮಣ್ಣು ಮೆತ್ತಿದೆ. ಆ ಹುಳುವಿಗಾದರೂ ರೆಕ್ಕೆ ಬಂದರೆ ಹೊರಗೆ ಹೋಗುವ ದಾರಿಯಿತ್ತು ಎನಿಸಿ, ಒಬ್ಬಳೇ ನಕ್ಕೆ.

ಅಪ್ಪ ಹೋದಾಗ ನೀನು, "ಇದೊಂದು ಹೂವಿನ ಕಾಲ ನೋಡ್ಕೋ ಅಕ್ಕಾ, ಆಮೇಲೆ ನಾನು ಬರ್ತೀನಿ" ಎಂದಿದ್ದೆ. ಅಂದಿನಿಂದ ಮಾವು ಒಂಬತ್ತು ಸಲ ಹೂ ಬಿಟ್ಟಿತು. ಹೂವಿಗೆ ಜಿಗಿಹುಳು, ಕಾಯಿ ಬಲಿತರೆ ಹಣ್ಣುನೊಣ, ಮಳೆಗೆ ಕಾಂಡಕೊರಕ, ಚಳಿಗೆ ಹಿಟ್ಟುತಿಗಣೆ. ಗೆಳತಿಯ ಮಗಳ ಮದುವೆಗೂ ಹೋಗಲಾಗಲಿಲ್ಲ, ಅಂದು ನೊಣ ಹಿಡಿಯುವ ಡಬ್ಬಿಗಳನ್ನು ಮರಗಳಿಗೆ ಕಟ್ಟುವುದಿತ್ತು. ಈಗೀಗ ಪೇಟೆಗೆ ಹೊರಟರೂ ಅರ್ಧ ದಾರಿಯಲ್ಲೇ ನಿಲ್ಲುತ್ತೇನೆ. ಯಾವ ಮರ ನೋಡುವುದು ಬಿಟ್ಟೆನೋ ಎಂದು ಹಿಂದಿರುಗಿಬಿಡುತ್ತೇನೆ. ಇದನ್ನು ನಿನಗೆ ಹೇಳಿರಲಿಲ್ಲ.

ಕಳೆದ ವಾರ ಕೃಷಿ ತರಬೇತಿ ಶಾಲೆಯ ಮೇಡಂ ಬಂದಿದ್ದರು. ನಾನು ಹುಳು ತೆಗೆಯುವುದನ್ನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದರು. "ನಮ್ಮಲ್ಲಿಗೆ ಬಂದು ಇದನ್ನೇ ಕಲಿಸ್ತೀರಾ? ಸಂಬಳ ಉಂಟು, ಇರೋಕೆ ಕೋಣೆನೂ ಕೊಡ್ತೀವಿ" ಎಂದರು. ಕಣ್ಣು ತುಂಬಿ ಬಂತು. ಆದರೆ ಬಾಯಿಗೆ ಬಂದದ್ದು, "ತಮ್ಮನ್ನ ಕೇಳಿ ಹೇಳ್ತೀನಿ." ಅವರು ನನ್ನ ವಯಸ್ಸು ಕೇಳಿದರು. ನಲವತ್ತೇಳು ಎಂದೆ. ಅರ್ಜಿಯನ್ನು ಮೇಜಿನ ಮೇಲಿಟ್ಟು ಹೋದರು. ನಾಲ್ಕು ದಿನ ಆ ಮೇಜಿನ ಕಡೆ ತಿರುಗದೆ ಓಡಾಡಿದೆ.

ನೀವೆಲ್ಲ ತಣ್ಣಗಿರಿ. ಮಗಳಿಗೆ ನನ್ನದೊಂದು ಮುತ್ತು.

ನಿನ್ನ
ಅಕ್ಕ

ಅಂಚೆಯವನು ಈ ಕಾಗದಕ್ಕಾಗಿ ಬಾಗಿಲಲ್ಲೇ ಕಾಯುತ್ತಿದ್ದಾನೆ, ಒಂದು ಮಾತು ಮರೆತಿದ್ದೆ. ನಿನ್ನನ್ನು ಕೇಳದೆಯೇ ಮೊನ್ನೆ ಅರ್ಜಿಗೆ ಸಹಿ ಹಾಕಿ ಕಳಿಸಿದೆ. ಸೆಪ್ಟೆಂಬರ್ ಒಂದಕ್ಕೆ ಹೊರಡುತ್ತೇನೆ. ಮೂರು ದಿನ ಮೊದಲೇ ಬಾ. ತೂತಿನೊಳಗೆ ಹುಳು ಯಾವ ಕಡೆ ತಿರುಗಿದೆ ಎಂಬುದು ನಿನ್ನ ಕೈಗೆ ತಿಳಿಯಲು ಅಷ್ಟಾದರೂ ಬೇಕು. ಹಳೆಯ ಬಟ್ಟೆ ತಂದುಕೋ.