ಹದಿನಾರು ವರ್ಷ ಏಳು ತಿಂಗಳು

ಕಲ್ಲುಗುಡ್ಡೆ ಎಸ್ಟೇಟ್,
ಆಲ್ದೂರು
9 ನವೆಂಬರ್ 2025

ಮಗಳು ಪ್ರೇಮಕುಮಾರಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಧಾರವಾಡದಲ್ಲಿ ನೀನು, ಅಳಿಯಂದಿರು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನೀನು ಬರೆದ ಪುಸ್ತಕ ಕಳಿಸಿ ಎರಡು ತಿಂಗಳಾಯಿತು. ಇಷ್ಟು ದಿನ ಉತ್ತರ ಬರೆಯದಿದ್ದದ್ದು ನನ್ನ ತಪ್ಪು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ ಅಮ್ಮ, ಹೂಂ ಅಮ್ಮ’ ಎನ್ನುತ್ತೀ, ನಾನು ಗದರುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಎಸ್ಸೆಸ್ಸೆಲ್ಸಿ ಓದಿದ ಅಮ್ಮನಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ ಎಂದುಕೊಂಡೇ ಕಳಿಸಿರಬೇಕು ನೀನು. ಭೂತಗನ್ನಡಿ ಹಿಡಿದು ದಿನಕ್ಕೆ ನಾಲ್ಕು ಪುಟದಂತೆ ಓದಿದೆ. ಅರ್ಥವಾಯಿತು. ಬೇಕಾದರೆ ಪರೀಕ್ಷೆ ಮಾಡು. ಈಜಿಪ್ಟಿನ ರಾಣಿ ಹ್ಯಾಟ್‌ಶೆಪ್ಸುತ್. ಗಂಡ ತೀರಿಕೊಂಡ, ಪಟ್ಟಕ್ಕೆ ಬಂದ ಮಲಮಗ ಇನ್ನೂ ಮಗು. ಆಡಳಿತ ನಡೆಸಿದವಳು ಇವಳು, ಕೊನೆಗೆ ಕಿರೀಟವನ್ನೂ ಇಟ್ಟುಕೊಂಡಳು. ಮಲಮಗ ದೊಡ್ಡವನಾದ ಮೇಲೆ ಇವಳ ವರ್ಷಗಳೆಲ್ಲ ಅವನ ಲೆಕ್ಕಕ್ಕೇ ಸೇರಿದವು. ಎಷ್ಟೋ ಕಡೆ ಇವಳ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದರು. ದೇವಸ್ಥಾನದ ಗೋಡೆಯ ಅರಸರ ಪಟ್ಟಿಯಲ್ಲಿ ಅವಳಿಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಮನೆಥೊ ಎಂಬ ಪುರೋಹಿತ ಗ್ರೀಕ್ ಭಾಷೆಯಲ್ಲಿ ಅರಸರ ಚರಿತ್ರೆ ಬರೆದ. ಅದೂ ಕಳೆದುಹೋಯಿತು. ಅದರಲ್ಲಿದ್ದುದನ್ನು ಜೋಸೀಫಸ್ ಎಂಬವನು, ಅವನೂ ಗ್ರೀಕಿನಲ್ಲೇ, ಉದ್ಧರಿಸಿ ಇಟ್ಟ. ಅಲ್ಲಿ ಹೆಸರು ತಿರುಚಿದೆ, ಸಾಲಿನ ಕ್ರಮ ಹಿಂದುಮುಂದಾಗಿದೆ. ಆದರೂ ಒಬ್ಬ ಹೆಂಗಸಿದ್ದಾಳೆ: ಅಮೆಸ್ಸಿಸ್, ಇಪ್ಪತ್ತೊಂದು ವರ್ಷ ಒಂಬತ್ತು ತಿಂಗಳು. ಮಲಮಗನ ಕಾಲದ ಒಂದು ಕಲ್ಲಿನ ತಾರೀಖನ್ನು ಹಿಡಿದು ಎಣಿಸಿದರೂ ಅಷ್ಟೇ ಬರುತ್ತದೆ. ಇವಳೇ ಅವಳು ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ನೀನು ಒಪ್ಪುತ್ತೀ. ನಾನೂ ಒಪ್ಪುತ್ತೇನೆ. ಪುಟದ ಕೆಳಗಿನ ಟಿಪ್ಪಣಿಗಳನ್ನು ಮಾತ್ರ ಇರುವೆ ಕಾಲಿನಷ್ಟು ಸಣ್ಣಕ್ಕೆ ಅಚ್ಚು ಹಾಕಿಸಿದ್ದೀ.

ಈಗ ನಮ್ಮ ಮನೆಯ ಸುದ್ದಿ. ಕಾಫಿ ತೋಟಕ್ಕೆ ನೂರು ವರ್ಷವಾಯಿತೆಂದು ನಿನ್ನ ತಮ್ಮ ನಂದನ್ ಹೊಸ ಗೇಟು ಕಟ್ಟಿಸಿದ್ದಾನೆ. ಇಪ್ಪತ್ತಮೂರು, ಭಾನುವಾರ, ಸಮಾರಂಭ. ಪರದೆ ಎಳೆಯುವವಳು ನಾನು ಎಂದು ಕಾರ್ಡಿನಲ್ಲಿ ಹಾಕಿಸಿದ್ದಾನೆ. ಹೋದ ತಿಂಗಳು ಗೇಟಿಗೆ ಕೂರಿಸುವ ಹೆಸರಿನ ಕಲ್ಲು ಬಂದಿಳಿಯಿತು. ಕೆತ್ತಿದ ರಾಜೇಶ ಗೋಣಿ ಸರಿಸಿ ತೋರಿಸಿದ. ತೋಟ ನಡೆಸಿದವರ ಹೆಸರು, ಎದುರಿಗೆ ಅವರವರ ವರ್ಷ. ನಿನ್ನ ಮುತ್ತಜ್ಜ, ಅಜ್ಜ. ಆಮೇಲೆ ‘ರುದ್ರಪ್ಪ, 1966–1996’. ಅದರ ಕೆಳಗೆ ‘ನಂದನ್, 1996ರಿಂದ’.

ನಾನು ಅಲ್ಲೇ ವರ್ಷ ಎಣಿಸಿದೆ. ನಿನ್ನ ಅಪ್ಪನಿಗೆ ಲಕ್ವ ಹೊಡೆದದ್ದು ಎಂಬತ್ತನಾಲ್ಕರ ಫೆಬ್ರವರಿಯಲ್ಲಿ. ಅಂದಿನಿಂದ ಕಣ್ಣು ಮುಚ್ಚುವವರೆಗೆ ಹನ್ನೆರಡು ವರ್ಷ ಅವರು ಹಾಸಿಗೆಯಲ್ಲಿದ್ದರು. ತೊಂಬತ್ತಾರರಲ್ಲಿ ನಂದನ್ ಮಂಗಳೂರಿನ ಹಾಸ್ಟೆಲಿನಲ್ಲಿ ಮೀಸೆ ಬೆಳೆಸುತ್ತಿದ್ದ. ಅವನು ತೋಟ ವಹಿಸಿಕೊಂಡದ್ದು ಎರಡು ಸಾವಿರದ ಒಂದರ ಜೂನ್‌ನಲ್ಲಿ. ನಡುವಿನ ಹದಿನೇಳು ವರ್ಷ ನಾಲ್ಕು ತಿಂಗಳು ತೋಟವನ್ನು ಕಾಡುಕೋಣ ನಡೆಸಿತೇ? ನಂದನ್‌ನನ್ನೇ ಕೇಳಿದೆ.

“ಅಮ್ಮ, ಅಪ್ಪ ಬದುಕಿರೋವರೆಗೂ ಅಪ್ಪನ ಕಾಲ ಅಲ್ವಾ? ಅವ್ರಾದ್ಮೇಲೆ ನಾನು. ಎಲ್ಲಾ ಮನೇಲೂ ಹಿಂಗೇ ಬರೆಸೋದು,” ಎಂದ.

“ಎಲ್ಲಾ ಮನೇಲೂ ಹೆಂಗಸ್ರು ಪಲ್ಪರ್ ಮಿಶಿನ್ ಬೆಲ್ಟ್ ಬದಲಾಯಿಸಿದಾರೇನೋ?”

“ನೀವು ಮಾಡಿಲ್ಲ ಅಂದ್ನಾ? ಈಗ ಅದನ್ನ ಕಲ್ಲಲ್ಲಿ ಹಾಕಿದ್ರೆ, ಅಪ್ಪ ಅಷ್ಟು ವರ್ಷ ಮಲಗಿದ್ರು ಅಂತ ಬಂದೋರಿಗೆಲ್ಲ ಡಂಗುರ ಹೊಡ್ದಂಗೆ.”

“ಮಲಗಿದ್ದು ಕಾಯಿಲೆಯಿಂದ. ಕಳ್ಳತನ ಮಾಡಿ ಅಲ್ಲ.”

ಅವನು ಕೋಪದಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲೆ ಹಾಕಿದ. “ನೀವೇ ನೋಡಿ. ಎಲ್ಲಿದೆ ನಿಮ್ಮ ಹೆಸ್ರು?”

ನೋಡಿದೆ. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಬರೆಯುವ ಪುಸ್ತಕ, ಆಳುಗಳ ಹಾಜರಿ, ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಬರೆದ ಪತ್ರಗಳ ನಕಲು, ಎಲ್ಲವೂ ನನ್ನ ಅಕ್ಷರ. ಎಲ್ಲದರ ಕೆಳಗೂ ‘ರುದ್ರಪ್ಪ’. ಯಜಮಾನರು ಮಲಗಿದ್ದಾರೆಂದು ಗೊತ್ತಾದರೆ ಹೊರಗಿನವರು ಸದರ ಮಾಡಿಕೊಳ್ಳುತ್ತಾರೆಂದು ಆಗ ನಾನೇ ಹಾಗೆ ಬರೆಯುತ್ತಿದ್ದೆ. ಆ ರಾಣಿಯ ಹೆಸರನ್ನು ಬೇರೆಯವರು ಕೆತ್ತಿ ತೆಗೆದರು, ಪ್ರೇಮ. ನನ್ನದನ್ನು ನಾನೇ ಬರೆದಿರಲಿಲ್ಲ.

ಆಗ ನಿನ್ನ ಗ್ರೀಕರ ನೆನಪಾಯಿತು. ಅರಮನೆಯ ದಾಖಲೆಯಲ್ಲಿ ಇಲ್ಲದ್ದು ಅರಮನೆಯ ಹೊರಗೆ ಇರಬಹುದು ಎಂದಲ್ಲವೇ ನೀನು ಬರೆದದ್ದು? ಮರುದಿನ ಬೆಳಿಗ್ಗೆ ಕೋಲು ಹಿಡಿದು ಆಳುಗಳ ಲೈನುಮನೆಗಳ ಕಡೆ ಹೊರಟೆ. ನಂದನ್‌ನ ಹೆಂಡತಿ ದಿವ್ಯಾ, “ನಾನೂ ಬರ್ತೀನಿ ಅತ್ತೆ, ಇದನ್ನ ತಪ್ಪಿಸ್ಕೊಳ್ಳೋಕಾಗಲ್ಲ,” ಎಂದು ಹಿಂದೆಯೇ ಬಂದಳು.

ಗಿಡ್ಡಮ್ಮ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದಳು. ನಲವತ್ತು ವರ್ಷ ನಮ್ಮ ತೋಟದಲ್ಲಿ ಹಣ್ಣು ಕೊಯ್ದವಳು, ಓದು ಬರಹ ಬಾರದು. ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಆಳುಗಳಿಗೆಲ್ಲ ಕಂಬಳಿ ಕೊಡುತ್ತಿದ್ದೆವಲ್ಲ, ತೋಟ ನಡೆಸುವವರೇ ಕೈಯಾರೆ ಕೊಡಬೇಕು, ಲೆಕ್ಕ ಬರೆಯುವ ರೈಟರ್ ಕೊಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ಅದನ್ನೇ ಕೇಳಿದೆ.

“ನನ್ನ ಕೈಯಿಂದ ಎಷ್ಟು ಕಂಬಳಿ ಇಸ್ಕೊಂಡಿದೀಯೇ?”

ಅವಳು ಬೆರಳು ಮಡಿಸಲಿಲ್ಲ, ಯೋಚಿಸಲೂ ಇಲ್ಲ. “ಹದಿನೇಳು, ಅಮ್ಮಾರೇ.”

“ಹದಿನೆಂಟು ಕಣೇ. ಎಂಬತ್ನಾಲ್ಕರ ಮೇ ಒಂದು, ಎರಡು ಸಾವಿರದ ಒಂದರ ಮೇ ಕೊನೇದು. ಲೆಕ್ಕ ಹಾಕು.”

“ನಿಮ್ದು ಹದಿನೇಳೇ. ಒಂದು ವರ್ಸ ಸಣ್ಣಮ್ಮಾರು ಕೊಟ್ರಲ್ಲ, ನೀವು ಬೆನ್ನಿಗೆ ಹಲಗೆ ಕಟ್ಕಂಡು ಚಿಕ್ಕಮಗಳೂರಲ್ಲಿ ಮಲಗಿದ್ರಲ್ಲ, ಆವಾಗ. ಅವ್ರು ಒಬ್ಬೊಬ್ಬರ ಹೆಗಲಿಗೂ ತಾವೇ ಹೊದಿಸಿದ್ರು. ನೀವು ಎಸೀತಿದ್ರಿ ಮಾರಾಯ್ತಿ, ಹಿಡಿಯೋಕೆ ಬರದಿದ್ರೆ ಕೆಸ್ರಿಗೇ ಬೀಳೋದು!”

ದಿವ್ಯಾ ಬೇರೆ ಕಡೆ ತಿರುಗಿ ನಕ್ಕಳು. ನಾನು ನಗಲಿಲ್ಲ. ಆ ಒಂಬತ್ತು ತಿಂಗಳು ನನಗೆ ಮರೆತಿರಲಿಲ್ಲ. ನನ್ನ ಲೆಕ್ಕಕ್ಕೆ ಸೇರಿಸಿಕೊಂಡು ಸುಮ್ಮನಿದ್ದೆ, ಅಷ್ಟೇ. ನನ್ನ ಬೆನ್ನುಮೂಳೆಗೆ ಕ್ಷಯ ತಗುಲಿ, ಮಿಸುಕಬಾರದೆಂದು ಡಾಕ್ಟರು ಹೇಳಿ, ತೊಂಬತ್ತೈದರ ಫೆಬ್ರವರಿಯಿಂದ ನವೆಂಬರ್‌ವರೆಗೆ ನನ್ನ ಅಣ್ಣನ ಮನೆಯಲ್ಲಿ ಮಲಗಿದ್ದೆ. ಬಿ.ಎ. ಮುಗಿಸಿ ಬಂದಿದ್ದ ನಿನಗೆ ಇಪ್ಪತ್ತೆರಡು. ಹೂಮಳೆ ಕೈಕೊಟ್ಟ ವರ್ಷ ಅದು. ಹಳ್ಳದಿಂದ ಪಂಪು ಹಾಕಿಸಿ ನೀರು ಹೊಡೆಸಿ ಹೂ ಅರಳಿಸಿದವಳು ನೀನು.

ಮನೆಗೆ ಬಂದು ನಂದನ್‌ನನ್ನು ಕೂರಿಸಿಕೊಂಡು ಹೇಳಿದೆ. ಹೊಸ ಕಲ್ಲು. ರುದ್ರಪ್ಪ, ಎಂಬತ್ತನಾಲ್ಕರವರೆಗೆ. ಶಿವಗಂಗಮ್ಮ, ಹದಿನಾರು ವರ್ಷ ಏಳು ತಿಂಗಳು. ಪ್ರೇಮಕುಮಾರಿ, ಒಂಬತ್ತು ತಿಂಗಳು. ನಂದನ್, ಎರಡು ಸಾವಿರದ ಒಂದರಿಂದ.

“ನನ್ನ ಐದು ವರ್ಷ ಕಿತ್ಕೊಂಡ್ರಿ,” ಎಂದ.

“ಕಿತ್ಕೊಂಡಿಲ್ಲ. ವಾಪಸ್ ಇಸ್ಕೊಂಡೆ.”

“ಅಕ್ಕ ಕೇಳಿದ್ಲಾ ಇದನ್ನ?”

“ಅವಳು ಕೇಳೋ ಪೈಕಿ ಅಲ್ಲ. ಲೆಕ್ಕ ಕೊಟ್ಟಿದ್ದು ಗಿಡ್ಡಮ್ಮ.”

“ಟೈಮಿಲ್ಲ ಅಮ್ಮ. ಕಾರ್ಡು ಹಂಚಾಗಿದೆ.”

“ಹಂಚಿದ್ರೆ ಜನ ಬರ್ಲಿ. ಈ ಕಲ್ಲಾದ್ರೆ ನನ್ನ ಕೈ ಪರದೆಗೆ ಏಳಲ್ಲ. ಯಾಕೆ ಏಳಲ್ಲ ಅಂತ ಮೈಕಿನಲ್ಲೇ ಹೇಳ್ತೀನಿ.”

ಹೇಳುತ್ತಿದ್ದೆ ಕೂಡ. ಅದು ಅವನಿಗೆ ಗೊತ್ತು. ಎರಡು ದಿನ ನನ್ನ ಜೊತೆ ಮಾತಿಲ್ಲ, ಊಟವೂ ಬೇರೆ ಹೊತ್ತಿಗೆ. ಮೂರನೆಯ ದಿನ ಜೀಪು ತೆಗೆದುಕೊಂಡು ತಾನೇ ರಾಜೇಶನ ಹತ್ತಿರ ಹೋದ. ಬಂದವನು ಬರೆದ ಚೀಟಿಯನ್ನು ನನ್ನ ಮುಂದೆ ಇಟ್ಟು, “ಸರಿ ಇದೆಯಾ ನೋಡಿ. ಆಮೇಲೆ ತಿಂಗಳು ತಪ್ಪಾಯ್ತು ಅನ್ಬೇಡಿ,” ಎಂದ. ಸರಿಯಿತ್ತು. ಕೆಟ್ಟವನಲ್ಲ ಅವನು. ಸುಲಭವಾದ ಲೆಕ್ಕ ಹಿಡಿದಿದ್ದ, ಅಷ್ಟೇ. ನಾನೂ ಹಿಡಿದಿದ್ದೆ.

ಊರಿನಲ್ಲಿ ಮಾತು ಎದ್ದಿದೆ. ಪಕ್ಕದ ತೋಟದ ವಸಂತಮ್ಮ ಮೊನ್ನೆ ಬಂದು, “ಗಂಡನ ಹೆಸ್ರು ಇದ್ಮೇಲೆ ನಮ್ಮದ್ಯಾಕೆ ಬೇಕು ಬಿಡಿ,” ಎಂದರು. “ನಿಮಗೆ ಬೇಡ, ನನಗೆ ಬೇಕು. ಕಾಫಿ ಕುಡೀರಿ,” ಎಂದೆ.

ಇಪ್ಪತ್ತೆರಡಕ್ಕೇ ನೀನು ಬಂದುಬಿಡು. ಅಳಿಯಂದಿರನ್ನೂ ಕರೆದುಕೊಂಡು ಬಾ. ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ಪುಸ್ತಕ ಬರೆದ ನಿನ್ನ ಕೈಗೆ, ಕಣ್ಣಿಗೆ ದೇವರು ಇನ್ನೂ ಬಲ ಕೊಡಲಿ. ನಿನ್ನ ಹಟ ನನ್ನದೇ. ಅದು ಹಾಗೇ ಇರಲಿ.

ನಿನ್ನ ಅಮ್ಮ,
ಶಿವಗಂಗಮ್ಮ

ಮತ್ತೆ ಒಂದು ಮಾತು. ತೊಂಬತ್ತೈದರ ನವೆಂಬರ್‌ನಲ್ಲಿ ನಾನು ವಾಪಸ್ ಬಂದ ದಿನ ಕಣದ ಹತ್ತಿರ ನೀನು ಕೇಳಿದೆ, “ಅಮ್ಮ, ಬೀಗದ ಕೈ ನನ್ನ ಹತ್ರಾನೇ ಇರ್ಲಾ? ನಾನು ಇಲ್ಲೇ ಇದ್ದು ತೋಟ ನೋಡ್ಕೋತೀನಿ.” ನಾನು, “ಇದು ನಂದನ್‌ದು. ನೀನು ಬೇರೆ ಮನೆಗೆ ಹೋಗೋಳು, ನೆಂಟರ ಹಾಗಿರು,” ಎಂದೆ. ನೀನು ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದೆ. ಮೂರು ತಿಂಗಳಿಗೆ ಮದುವೆ ಮಾಡಿ ಕಳಿಸಿದೆ. ಅಂದಿನಿಂದ ಮೂವತ್ತು ವರ್ಷ, ಇಲ್ಲಿಗೆ ಬಂದಾಗಲೆಲ್ಲ ನೆಂಟರ ಕೋಣೆಯಲ್ಲೇ ಮಲಗುತ್ತೀ. ಕಾರಣ ತಿಳಿಯದವಳ ಹಾಗೆ ನಾನು ಅಲ್ಲಿಗೇ ಹಾಸಿಗೆ ಹಾಕಿಸುತ್ತೇನೆ. ಅಂದು ಕಣದಲ್ಲಿ ನಾವಿಬ್ಬರೇ ಇದ್ದೆವು. ಗಿಡ್ಡಮ್ಮ ಇರಲಿಲ್ಲ, ನಿನ್ನ ಗ್ರೀಕರೂ ಇರಲಿಲ್ಲ. ನೀನು ಯಾರಿಗೂ ಹೇಳಿಲ್ಲವೆಂದು ನನಗೆ ಗೊತ್ತು. ಅದಕ್ಕೇ ನಾನೇ ಬರೆದು, ಕೆಳಗೆ ನನ್ನ ಹೆಸರನ್ನೇ ಹಾಕಿದ್ದೇನೆ.

ಶಿವಗಂಗಮ್ಮ